ಐಸ್ ಕರಗಿದರೆ ಹಿಮಕರಡಿ ದಡದಲ್ಲಿ ಬದುಕಲು ಆಗಲ್ವಾ?

ತೀರ್ಥಹಳ್ಳಿ ಟೀಚರ್:
ಎಲ್ಲರಿಗೂ ನಮಸ್ಕಾರ. ಶಾಲೆ ಮಕ್ಕಳನ್ನು ತ್ಯಾವರೆಕೊಪ್ಪ ಮೃಗಾಲಯಕ್ಕೆ ಕರೆದುಕೊಂಡು ಹೋಗಿದ್ದೆವು. ಕರಡಿ ನೋಡಿದ ಮೇಲೆ ಏಳನೇ ಕ್ಲಾಸಿನ ಹುಡುಗಿ ಕೇಳಿದಳು: "ಮಿಸ್, ನಮ್ಮ ಕರಡಿ ಹುತ್ತ ಕೆದಕಿ ಗೆದ್ದಲು ತಿನ್ನುತ್ತೆ, ಹಣ್ಣು ತಿನ್ನುತ್ತೆ. ಹಿಮಕರಡಿನೂ ದಡಕ್ಕೆ ಬಂದು ಹಾಗೇ ತಿನ್ನಬಹುದಲ್ವಾ?" ಸುಮ್ನೆ "ಆಗಲ್ಲ" ಅಂದು ಮುಗಿಸಲು ಮನಸ್ಸು ಬರುತ್ತಿಲ್ಲ. ಗೊತ್ತಿರುವವರು ತಿಳಿಸಿ.

ಸಾಗರದ ಭಟ್ರು:
ಮೇಡಂ, ಮೊದಲು ಆ ಹುಡುಗಿಗೆ ಶಭಾಷ್ ಹೇಳಿ. ದಡದಲ್ಲಿ ಸಿಕ್ಕಿದ್ದನ್ನು ಅವೂ ತಿನ್ನುತ್ತವೆ. ಹಕ್ಕಿ ಮೊಟ್ಟೆ, ಕಾಡುಹಣ್ಣು, ಹುಲ್ಲು ಯಾವುದನ್ನೂ ಬಿಡುವುದಿಲ್ಲ. ಆದರೆ ದೊಡ್ಡ ಗಂಡು ಕರಡಿ 400-500 ಕೆಜಿ ತೂಗುತ್ತದೆ. ಆ ಮೈಗೆ ಇದೆಲ್ಲ ಎಲ್ಲಿ ಸಾಕು? ಅದಕ್ಕೆ ಬೇಕಾದ್ದು ಸೀಲ್ ಎಂಬ ಕಡಲಪ್ರಾಣಿಯ ಕೊಬ್ಬು.

ಸೀಲ್ ನೀರೊಳಗಿದ್ದರೂ ಉಸಿರಿಗೆ ಮೇಲೆ ಬರಲೇಬೇಕು. ಹೆಪ್ಪುಗಟ್ಟಿದ ಸಮುದ್ರದಲ್ಲಿ ಉಗುರಿನಿಂದ ಕೆರೆದು ಕೆರೆದು ತೂತು ಮಾಡಿಟ್ಟುಕೊಂಡಿರುತ್ತದೆ. ಕರಡಿ ಆ ತೂತಿನ ಪಕ್ಕ ಅಲ್ಲಾಡದೆ ಗಂಟೆಗಟ್ಟಲೆ ಕಾಯುತ್ತದೆ. ಸೀಲ್ ಮೂತಿ ಮೇಲೆತ್ತಿದ ಕೂಡಲೇ ಕಚ್ಚಿ ಎಳೆದುಬಿಡುತ್ತದೆ. ತೆರೆದ ನೀರಿನಲ್ಲಿ ಅಟ್ಟಿಸಿಕೊಂಡು ಹೋದರೆ ಸೀಲ್ ಸಿಗುವುದೇ ಅಪರೂಪ. ಹಾಗಾಗಿ ಐಸ್ ಇದ್ದಷ್ಟು ದಿನ ಬೇಟೆ, ಆಮೇಲೆ ಹೆಚ್ಚುಕಡಿಮೆ ಉಪವಾಸ.

ಸೀಲ್ ಮರಿಗಳು ಕೊಬ್ಬಿರುವ ವಸಂತದ ತಿಂಗಳುಗಳೇ ಅದಕ್ಕೆ ಸುಗ್ಗಿ. ನಮ್ಮಲ್ಲಿ ಅಡಿಕೆ ಕೊಯ್ಲಿನ ದುಡ್ಡಲ್ಲೇ ವರ್ಷ ದೂಡುವ ಹಾಗೆ, ಆಗ ಮೈಗೆ ಹತ್ತಿದ ಕೊಬ್ಬಲ್ಲೇ ಬೇಸಿಗೆ ಕಳೆಯಬೇಕು. ಕೆನಡಾದ ಹಡ್ಸನ್ ಕೊಲ್ಲಿಯಲ್ಲಿ 1980ರ ದಶಕಕ್ಕೆ ಹೋಲಿಸಿದರೆ ಐಸ್ ಇಲ್ಲದ ಕಾಲ ಸುಮಾರು ಮೂರು-ನಾಲ್ಕು ವಾರ ಜಾಸ್ತಿಯಾಗಿದೆ. ದಡದಲ್ಲಿ ಕರಡಿ ದಿನಕ್ಕೆ ಹತ್ತಿರ ಹತ್ತಿರ 1 ಕೆಜಿ ಇಳಿಯುತ್ತದೆ. ನೀವೇ ಲೆಕ್ಕ ಹಾಕಿ.

ನನಗೆ ತುಂಬಾ ಸಂಕಟವಾಗುವುದು ತಾಯಿ ಕರಡಿಗಳನ್ನು ನೆನೆದು. ಹುಟ್ಟಿದ ಮರಿ ಬರೀ 600 ಗ್ರಾಂ ಆಸುಪಾಸು ಇರುತ್ತದೆ. ಬಿಲದೊಳಗೆ ತಾಯಿ ತಿಂಗಳುಗಟ್ಟಲೆ ಏನೂ ತಿನ್ನದೆ ಅದಕ್ಕೆ ಹಾಲೂಡಿಸಬೇಕು. ಮೈಯಲ್ಲಿ ಕೊಬ್ಬಿಲ್ಲದಿದ್ದರೆ ಹಾಲು ಎಲ್ಲಿಂದ ಬರಬೇಕು ಹೇಳಿ?

ಹೊಸನಗರ ಹುಡುಗ:
ಭಟ್ರೇ, ಹಿಮಕರಡಿ ಜಾಸ್ತಿ ಆಗಿದಾವೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತಲ್ಲ?

ಸಾಗರದ ಭಟ್ರು:
ಅದರಲ್ಲಿ ಎರಡು ವಿಷಯ ಕಲಸಿಬಿಟ್ಟಿದ್ದಾರೆ ತಮ್ಮಾ. ಹಿಂದೆ ಮನುಷ್ಯರು ಹಿಮಕರಡಿಗಳನ್ನು ಬೇಟೆಯಾಡುವುದಕ್ಕೆ ಲಂಗುಲಗಾಮು ಇರಲಿಲ್ಲ. 1973ರಲ್ಲಿ ಐದು ದೇಶಗಳು ಒಪ್ಪಂದ ಮಾಡಿಕೊಂಡು ಬಿಗಿ ಮಾಡಿದವು. ಕೆಲವು ಕಡೆ ಕರಡಿಗಳು ಚೇತರಿಸಿಕೊಂಡವು, ಅದು ನಿಜ. ಇವತ್ತಿಗೂ ಎಲ್ಲ ಕಡೆ ಒಂದೇ ಸಮ ಕಡಿಮೆಯಾಗುತ್ತಿಲ್ಲ, ಅದೂ ನಿಜ. ಆದರೆ ಹಡ್ಸನ್ ಕೊಲ್ಲಿಯ ಪಶ್ಚಿಮ ಭಾಗ ನೋಡು. 1987ರಲ್ಲಿ ಸುಮಾರು 1,200 ಇದ್ದವು. 2021ರ ಅಂದಾಜು 618. ಬೇಟೆಯನ್ನು ಕಾನೂನಿನಿಂದ ತಡೆಯಬಹುದು. ಐಸ್ ಉಳಿಯಬೇಕಾದರೆ ಎಲ್ಲ ದೇಶಗಳೂ ಕಲ್ಲಿದ್ದಲು, ಪೆಟ್ರೋಲು ಸುಡುವುದನ್ನು ಕಡಿಮೆ ಮಾಡಬೇಕು.

ಮೇಡಂ, ಇನ್ನೊಂದು ಮಾತು. ಹಿಮಕರಡಿಗಳಿರುವ ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2008ರಿಂದ ನಮ್ಮ ದೇಶದ್ದೇ ಒಂದು ಸಂಶೋಧನಾ ಕೇಂದ್ರವಿದೆ, ಹೆಸರು ಹಿಮಾದ್ರಿ. ಮಕ್ಕಳಿಗೆ ಭೂಪಟದಲ್ಲಿ ಆ ಜಾಗ ತೋರಿಸಿ.