ಒಂದು ಬದಿ ಔಟ್‌ರಿಗ್ಗರ್ ಅರ್ಧ ಮಾತ್ರ ಚಾಚಿ ಲೋಡ್ ಎತ್ತಬಹುದಾ?

ಹೊಸ ಆಪರೇಟರ್:
50 ಟನ್ನಿನ ಟೆಲಿಸ್ಕೋಪಿಕ್ ಕ್ರೇನ್, ಸ್ವಲ್ಪ ಹಳೇದು. ಎತ್ತಬೇಕಿರೋದು 6 ಟನ್ ಟ್ಯಾಂಕ್. ಎಡಗಡೆ ಗೋಡೆ ಅಡ್ಡ ಇರೋದ್ರಿಂದ ಆ ಬದಿ ಔಟ್‌ರಿಗ್ಗರ್ (ಕ್ರೇನ್ ಮಗುಚದ ಹಾಗೆ ಪಕ್ಕಕ್ಕೆ ಚಾಚಿ ನೆಲಕ್ಕೆ ಊರೋ ಕಾಲು) ಅರ್ಧಕ್ಕಿಂತ ಹೆಚ್ಚು ಬರಲ್ಲ. ಬಲಗಡೆ ಪೂರ್ತಿ ಚಾಚಬಹುದು, ಆದ್ರೆ ಅಲ್ಲಿರೋದು ಪೈಪ್‌ಲೈನಿಗೆ ಅಗೆದು ಮುಚ್ಚಿದ ಮಣ್ಣು. ಟ್ಯಾಂಕನ್ನ ಕ್ರೇನ್ ಹಿಂದಿನಿಂದ ಎತ್ತಿ ಬಲಗಡೆ ಇಡಬೇಕು, ತಿರುಗುವ ನಡುವಿನಿಂದ ಸುಮಾರು 16 ಮೀಟರ್ ದೂರ. "50 ಟನ್ ಮೆಷೀನಿಗೆ 6 ಟನ್ ಯಾವ ಲೆಕ್ಕ, ಎತ್ತು" ಅಂತಾರೆ ಸೂಪರ್‌ವೈಸರ್. ಏನ್ಮಾಡ್ಲಿ?

ಸಿವಿಲ್ ಸೈಟ್:
ಲೋಡ್ ಇಂಡಿಕೇಟರ್ ಇದೆಯಲ್ಲ. ಹೆಚ್ಚಾದ್ರೆ ಅದೇ ಕಟ್ ಮಾಡುತ್ತೆ. ಒಂದು ಗೇಣು ಎತ್ತಿ ನಿಲ್ಲಿಸಿ ನೋಡಿ, ಅಲುಗಾಡದಿದ್ರೆ ಮುಂದುವರಿಸಿ. ಜಾಗ ಸಾಲದ ಸೈಟಲ್ಲಿ ಎಲ್ಲರೂ ಹೀಗೇ ಮಾಡೋದು.

ಹಳೇ ರಿಗ್ಗರ್:
ಎಲ್ಲರೂ ಮಾಡ್ತಾರೆ ಅನ್ನೋದು ಲೋಡ್ ಚಾರ್ಟ್‌ನಲ್ಲಿ, ಅಂದ್ರೆ ಎಷ್ಟು ದೂರಕ್ಕೆ ಎಷ್ಟು ತೂಕ ಎತ್ತಬಹುದು ಅನ್ನೋ ಪಟ್ಟಿಯಲ್ಲಿ, ಬರೆದಿಲ್ಲ ಸ್ವಾಮಿ.

ತಮ್ಮಾ, ಬೂಮ್ (ಕ್ರೇನಿನ ಉದ್ದ ತೋಳು) ಮೇಲೆ ಬರೆದ 50 ಟನ್ ಬರೀ 3 ಮೀಟರ್ ಆಸುಪಾಸಿನ ರೇಡಿಯಸ್‌ದು, ಅಂದ್ರೆ ತಿರುಗುವ ನಡುವಿನಿಂದ ಹುಕ್ಕಿಗಿರೋ ಅಡ್ಡ ದೂರದ್ದು. 16 ಮೀಟರಿಗೆ ಅದರ ಸಣ್ಣ ಪಾಲು ಮಾತ್ರ ಉಳಿಯುತ್ತೆ. ಅದರಲ್ಲೂ ಹುಕ್ ಬ್ಲಾಕ್, ಸ್ಲಿಂಗ್, ಶ್ಯಾಕಲ್ ಥರದ ಎತ್ತೋ ಸಾಮಾನಿನ ತೂಕವೆಲ್ಲ ಲೋಡಿನ ಲೆಕ್ಕಕ್ಕೇ ಸೇರಬೇಕು. ಲೋಡ್ ಬಿದ್ದಾಗ ಬೂಮ್ ಬಾಗುತ್ತೆ, ರೇಡಿಯಸ್ ಇನ್ನಷ್ಟು ಹೊರಗೆ ಹೋಗುತ್ತೆ. ಚಾರ್ಟ್‌ನಲ್ಲಿ ನಿನ್ನ ಅಳತೆ ಎರಡು ಸಾಲಿನ ಮಧ್ಯೆ ಬಂದ್ರೆ ದೊಡ್ಡ ರೇಡಿಯಸ್‌ನ ಸಾಲನ್ನೇ ಹಿಡಿ, ಅಂದಾಜು ಬೇಡ.

ಆ 6 ಟನ್ ಯಾರು ಹೇಳಿದ್ದು? ಟ್ಯಾಂಕಿನ ಡ್ರೈನ್ ವಾಲ್ವ್ ತೆಗೆದು ನೋಡು. ತಳದಲ್ಲಿ ಒಂದು ಘನ ಮೀಟರ್ ನೀರು ಉಳಿದಿದ್ರೂ ಒಂದು ಟನ್ ಜಾಸ್ತಿ, ಅದೂ ಎತ್ತಿದಾಗ ಒಂದು ಕಡೆಗೆ ಹರಿಯುವ ತೂಕ.

ಮೆಕ್ಯಾನಿಕ್:
ಇಂಡಿಕೇಟರ್ ನಂಬಿ ಅನ್ನೋ ಮಾತನ್ನ ನಾನು ಒಪ್ಪಲ್ಲ. ಅದನ್ನ ರಿಪೇರಿ ಮಾಡೋ ಕೆಲಸವೇ ನಂದು. ಹಳೇ ಮೆಷೀನುಗಳಲ್ಲಿ ಔಟ್‌ರಿಗ್ಗರ್ ಎಷ್ಟು ಚಾಚಿದೆ ಅಂತ ಆಪರೇಟರ್ರೇ ಒತ್ತಿ ಹೇಳಬೇಕು. ಅರ್ಧ ಚಾಚಿ ಪೂರ್ತಿ ಅಂತ ಒತ್ತಿದ್ರೆ ಕ್ರೇನ್ ಮಗುಚುವ ತನಕ ಪರದೆ ಹಸಿರು ತೋರಿಸ್ತಾನೇ ಇರುತ್ತೆ. ಹೊಸ ಮೆಷೀನುಗಳಲ್ಲಿ ಕೆಲವು ನಾಲ್ಕೂ ಕಾಲನ್ನ ಬೇರೆ ಬೇರೆ ಅಳೆದು, ತಿರುಗಿದ ಕಡೆಗೆ ತಕ್ಕ ಹಾಗೆ ಮಿತಿ ಬದಲಿಸ್ತವೆ. ನಿಮ್ಮದು ಅಂಥದ್ದಲ್ಲದಿದ್ರೆ ಸುತ್ತಲೂ ಅರ್ಧ ಚಾಚಿದ ಚಾರ್ಟೇ ಗತಿ. ಇನ್ನು ಕಾಲ ಕೆಳಗಿನ ಮಣ್ಣಿನ ಬಗ್ಗೆ ಯಾವ ಇಂಡಿಕೇಟರಿಗೂ ಗೊತ್ತಿರಲ್ಲ.

ಸಿವಿಲ್ ಸೈಟ್:
ಮಣ್ಣಿನ ಮಾತು ಸರಿ. ಆದ್ರೆ ಲೋಡ್ ಎಡಗಡೆಗೆ ಹೋಗೋದೇ ಇಲ್ಲವಲ್ಲ. ಸುತ್ತಲೂ ಅರ್ಧದ ಚಾರ್ಟ್ ಯಾಕೆ?

ಮೆಕ್ಯಾನಿಕ್:
ಬೂಮ್ ಬಲಕ್ಕೆ ಹೋದಾಗ ಅದರ ಹಿಂದೆ ಸಮತೋಲಕ್ಕೆ ಇಟ್ಟಿರೋ ಭಾರ, ಕೌಂಟರ್‌ವೇಟ್, ಎಡಕ್ಕೆ ಬರುತ್ತೆ. ಟ್ಯಾಂಕ್ ಇಳಿಸಿ ಬೂಮ್ ನೆಟ್ಟಗೆ ಎತ್ತಿಕೊಂಡಿರಿ ಅಂತಿಟ್ಕೊಳ್ಳಿ. ಮುಂದೆ ತೂಕ ಇಲ್ಲ, ಹಿಂದಿನ ತೂಕವೆಲ್ಲ ಆ ಗಿಡ್ಡ ಕಾಲಿನ ಮೇಲೆ. ಖಾಲಿ ಕ್ರೇನೂ ಹಿಂದಕ್ಕೆ ಮಗುಚಬಹುದು.

ಸಿವಿಲ್ ಸೈಟ್:
ಈ ಕೋನದಿಂದ ನಾನು ಯೋಚಿಸಿರಲಿಲ್ಲ, ಒಪ್ಪಿದೆ. ಹಾಗಿದ್ರೆ ನೆಲದ ಲೆಕ್ಕ ನಾನು ಹಾಕ್ತೀನಿ. ಕ್ರೇನ್ 36 ಟನ್, ಲೋಡ್ ಸಾಮಾನು ಸೇರಿ 7 ಅಂದ್ರೆ ಒಟ್ಟು 43. ಬೂಮ್ ಒಂದು ಕಾಲಿನ ನೇರಕ್ಕೆ ಬಂದಾಗ ಅದರ ಮುಕ್ಕಾಲು ಭಾಗ ಆ ಒಂದೇ ಕಾಲಿಗೆ ಬೀಳಬಹುದು, ಅಂದರೆ 32 ಟನ್. ಕಾಲಿನ ತುದಿಯ ಪ್ಯಾಡ್ ಅರ್ಧ ಮೀಟರ್ ಚೌಕ ಇದ್ರೆ ಚದರ ಮೀಟರಿಗೆ 128 ಟನ್ ಒತ್ತಡ! ಕೆಳಗೆ ಒಂದೂವರೆ ಮೀಟರ್ ಚೌಕದ ಗಟ್ಟಿ ಮ್ಯಾಟ್ ಹಾಕಿದ್ರೆ ಸುಮಾರು 14ಕ್ಕೆ ಇಳಿಯುತ್ತೆ. ಚೆನ್ನಾಗಿ ಕೂತ ನೆಲ ಅಷ್ಟನ್ನ ತಡೆದೀತು. ಪದರ ಪದರವಾಗಿ ರೋಲ್ ಮಾಡದೆ ಸುರಿದು ಮುಚ್ಚಿದ ಮಣ್ಣನ್ನ ಅದಕ್ಕೂ ನಂಬೋಕಾಗಲ್ಲ. ಕೆಳಗೆ ಪೈಪ್ ಬೇರೆ ಇದೆ.

ಹಳೇ ರಿಗ್ಗರ್:
ಇದು ಮಾತು. ಮ್ಯಾಟ್ ಅಂದ್ರೆ ಪ್ಲೈವುಡ್ ತುಂಡಲ್ಲ. ತೆಳ್ಳಗಿದ್ರೆ ನಡುವೆ ಬಾಗಿ ತೂಕ ಮತ್ತೆ ಪ್ಯಾಡ್ ಅಗಲಕ್ಕೇ ಬೀಳುತ್ತೆ. ಪ್ಯಾಡ್ ಮ್ಯಾಟಿನ ಮಧ್ಯಕ್ಕೇ ಕೂರಬೇಕು. ಚಕ್ರ ನೆಲ ಬಿಟ್ಟ ಮೇಲೆ ಲೆವೆಲ್ ನೋಡು, ಒಂದು ಗೇಣು ಎತ್ತಿ ನಿಲ್ಲಿಸಿದಾಗ ಇನ್ನೊಮ್ಮೆ ನೋಡು. ಲೆವೆಲ್‌ನ ಗುಳ್ಳೆ ಜರುಗಿದ್ರೆ ಕಾಲು ಕುಸೀತಿದೆ ಅಂತ ಅರ್ಥ. ಕೂಡಲೇ ಇಳಿಸು. ಲೋಡ್ ನೇತಾಡ್ತಿರುವಾಗ ಜಾಕ್ ಮುಟ್ಟಿ ಲೆವೆಲ್ ಸರಿಮಾಡೋಕೆ ಹೋಗ್ಬೇಡ.

ಖಾಲಿ ಟ್ಯಾಂಕ್ ಗಾಳಿಗೆ ಸಿಗುತ್ತೆ. ಗಾಳಿಯ ವೇಗ ಎರಡರಷ್ಟಾದ್ರೆ ತಳ್ಳುವ ಬಲ ನಾಲ್ಕರಷ್ಟು. ಎರಡು ಕಡೆ ಗೈಡ್ ಹಗ್ಗ ಕಟ್ಟಿಸು, ಹಿಡಿದವರು ಲೋಡಿನ ಕೆಳಗೆ ಬರಕೂಡದು.

ಹೊಸ ಆಪರೇಟರ್:
ಇಷ್ಟೆಲ್ಲ ಹೇಳಿ ಆಗಲ್ಲ ಅಂದ್ರೆ ನಾಳೆ ಬೇರೆ ಆಪರೇಟರನ್ನ ಕರೀತಾರೆ ಅಣ್ಣಾ.

ಹಳೇ ರಿಗ್ಗರ್:
ಕರೀಬಹುದು, ಆ ಭಯ ಸುಳ್ಳಲ್ಲ. ಅದಕ್ಕೇ ಬರೀ ಆಗಲ್ಲ ಅನ್ನಬೇಡ. ಚಾರ್ಟ್ ಪುಟ ತೆಗೆದು ಬೆರಳಿಟ್ಟು ತೋರಿಸು. ಟ್ಯಾಂಕಿನ ತೂಕದ ಕಾಗದ, ಮುಚ್ಚಿದ ಗುಂಡಿಯ ನಕ್ಷೆ, ಮ್ಯಾಟ್ ಇಷ್ಟನ್ನ ಬರೆದು ಕೇಳು. ಹೆಸರು ಹಾಕಿ ಸಹಿ ಮಾಡೋ ಹೊತ್ತಿಗೆ ಎಷ್ಟೋ ಸೂಪರ್‌ವೈಸರುಗಳು ನಿಂತು ಯೋಚಿಸ್ತಾರೆ.

ಸಿವಿಲ್ ಸೈಟ್:
ನೆಲ ಸಿದ್ಧ ಮಾಡಿಕೊಡೋದು ಸೈಟ್ ನಡೆಸೋರ ಜವಾಬ್ದಾರಿ, ಆಪರೇಟರ್ ತಲೆಗೆ ಕಟ್ಟೋ ಹಾಗಿಲ್ಲ. ಅಮೆರಿಕದ ಕೆಲಸದ ಸುರಕ್ಷತಾ ಸಂಸ್ಥೆ ಓಶಾದ ನಿಯಮ 1926.1402 ಇದನ್ನೇ ಹೇಳುತ್ತೆ, ನೆಲದಡಿ ಏನಿದೆ ಅಂತ ಗೊತ್ತಿದ್ರೆ ಅದನ್ನೂ ತಿಳಿಸಬೇಕು ಅನ್ನುತ್ತೆ. ಅಂದಹಾಗೆ, ಕ್ರೇನನ್ನ ಟ್ಯಾಂಕ್ ಇಡೋ ಜಾಗದ ಆಚೆ ಬದಿಗೆ ತರೋಕಾಗಲ್ವಾ?

ಹೊಸ ಆಪರೇಟರ್:
ಆಚೆ ಕಡೆ ಕಂಬಿ ರಾಶಿ ಇದೆ. ತೆಗೆಸಿದ್ರೆ ನಾಲ್ಕೂ ಕಾಲು ಪೂರ್ತಿ ಚಾಚಬಹುದು, ರೇಡಿಯಸ್ 9 ಮೀಟರಿಗೆ ಇಳಿಯುತ್ತೆ. ಮೇಲೆ ವೈರ್ ಯಾವುದೂ ಇಲ್ಲ. ಅರ್ಧ ದಿನದ ಕೆಲಸ ಅಂತ ಯಾರೂ ಆ ಮಾತೇ ಎತ್ತಿರಲಿಲ್ಲ.

ಹಳೇ ರಿಗ್ಗರ್:
ಕಂಬಿ ತೆಗೆಸು. ತೆಗೆದ ಮೇಲೆ ಟೇಪ್ ಹಿಡಿದು ಅಳೆ, ಎತ್ತೋ ಜಾಗಕ್ಕೂ ಇಡೋ ಜಾಗಕ್ಕೂ, ಎರಡರಲ್ಲಿ ದೊಡ್ಡದು ಯಾವುದೋ ಅದಕ್ಕೆ ಚಾರ್ಟ್ ನೋಡು.