ಲೋಕಲ್ ಡೆವ್ ಸರ್ವರನ್ನ ಹೊರಗಿನವರಿಗೆ ತೋರಿಸಬೇಕು, ನೀವೆಲ್ಲ ಯಾವ ದಾರಿ ಹಿಡಿದಿರಿ?

ಹೊಸ ಡೆವಲಪರ್:
ಲ್ಯಾಪ್‌ಟಾಪ್‌ನಲ್ಲಿ ವೀಟ್ (ಫ್ರಂಟೆಂಡ್ ಡೆವ್ ಸರ್ವರ್) ಪೋರ್ಟ್ 5173ರಲ್ಲಿ, ಜಾಂಗೋ (ಪೈಥಾನ್ ಬ್ಯಾಕೆಂಡ್) 8000ದಲ್ಲಿ ಓಡ್ತಿದೆ. ಪೇಮೆಂಟ್ ವೆಬ್‌ಹುಕ್ (ಪೇಮೆಂಟ್ ಕಂಪನಿ ನಮ್ಮ ಸರ್ವರ್‌ಗೆ ತಾನೇ ಕಳಿಸುವ ಸುದ್ದಿ) ಬರಬೇಕು, ಕ್ಲೈಂಟ್‌ಗೂ ಪುಟ ತೋರಿಸಬೇಕು. ಕನೆಕ್ಷನ್ ಸಿಜಿನ್ಯಾಟ್ ಹಿಂದಿದೆ, ಅಂದರೆ ಐಎಸ್‌ಪಿ ಒಂದೇ ಪಬ್ಲಿಕ್ ವಿಳಾಸವನ್ನ ಹಲವರಿಗೆ ಹಂಚಿದೆ, ಹೊರಗಿಂದ ನೇರ ಬರೋಕಾಗಲ್ಲ. ಡಿಪ್ಲಾಯ್ ಮಾಡುವ ಹಂತ ಇನ್ನೂ ಬಂದಿಲ್ಲ. ಮಾಡಿ ನೋಡಿದವರು ಹೇಳಿ.

ಹಳೇ ಅಡ್ಮಿನ್:
ಸಣ್ಣದೊಂದು ವಿಪಿಎಸ್ (ಬಾಡಿಗೆ ಸರ್ವರ್), ಅದಕ್ಕೆ ರಿವರ್ಸ್ ಎಸ್‌ಎಸ್‌ಎಚ್ (ವಿಪಿಎಸ್‌ನ ಪೋರ್ಟಿಗೆ ಬಂದದ್ದನ್ನ ಲ್ಯಾಪ್‌ಟಾಪ್‌ಗೆ ತರುವ ಸುರಂಗ), ಮುಂದೆ ಕ್ಯಾಡಿ ಅನ್ನೋ ವೆಬ್ ಸರ್ವರ್. ಯಾರ ಹಂಗೂ ಇಲ್ಲ. ಎಸ್‌ಎಸ್‌ಎಚ್ ಸರ್ವರ್‌ನ ಗೇಟ್‌ವೇಪೋರ್ಟ್ಸ್ ಸೆಟ್ಟಿಂಗ್ ಡಿಫಾಲ್ಟಾಗಿ 'ನೋ' ಇರುತ್ತೆ, ಹಾಗೇ ಬಿಡಿ. ಪೋರ್ಟ್ ವಿಪಿಎಸ್‌ನ ಲೂಪ್‌ಬ್ಯಾಕ್‌ನಲ್ಲಷ್ಟೇ (ಆ ಮೆಷಿನ್‌ಗೆ ಮಾತ್ರ ಕಾಣುವ ಒಳ ವಿಳಾಸ) ತೆರೆಯುತ್ತೆ, ಹೊರಗಿನ ಬಾಗಿಲು ಕ್ಯಾಡಿ ನೋಡಿಕೊಳ್ಳುತ್ತೆ. ಲ್ಯಾಪ್‌ಟಾಪ್ ಕಡೆಯ ವಿಳಾಸ 127.0.0.1:5173 ಅಂತ ಕೊಡಿ.
ನನ್ನನ್ನ ನಿಜಕ್ಕೂ ಗೋಳು ಹೊಯ್ದುಕೊಂಡದ್ದು ಸತ್ತ ಸೆಷನ್. ಲ್ಯಾಪ್‌ಟಾಪ್ ಮುಚ್ಚಿದರೆ ಕನೆಕ್ಷನ್ ಸಾಯುತ್ತೆ, ಆದರೆ ಸರ್ವರ್ ಕಡೆಯ ಎಸ್‌ಎಸ್‌ಎಚ್‌ಡಿಗೆ (ಎಸ್‌ಎಸ್‌ಎಚ್ ಸರ್ವರ್ ಪ್ರೋಗ್ರಾಮ್) ಅದು ಗೊತ್ತೇ ಇರಲ್ಲ, ಪೋರ್ಟ್ ಹಿಡಿದು ಕೂತಿರುತ್ತೆ. ಮತ್ತೆ ಕನೆಕ್ಟ್ ಮಾಡಿದರೆ ಫಾರ್ವರ್ಡಿಂಗ್ ಆಗಲಿಲ್ಲ ಅಂತ ಒಂದೇ ಸಾಲಿನ ಎಚ್ಚರಿಕೆ ಬರುತ್ತೆ, ಲಾಗಿನ್ ಮಾತ್ರ ಸಲೀಸಾಗಿ ಆಗುತ್ತೆ. ಎಲ್ಲ ಸರಿಯಿದೆ ಅಂದುಕೊಂಡು ಕೂತರೆ ವೆಬ್‌ಹುಕ್‌ಗಳು ಆ ಸತ್ತ ಸೆಷನ್‌ಗೆ ಹೋಗ್ತಾ ಇರ್ತವೆ. ಸರ್ವರ್‌ನಲ್ಲಿ ಕ್ಲೈಂಟ್‌ಅಲೈವ್‌ಇಂಟರ್‌ವಲ್ 30 ಇಡಿ (ಆ ಕಡೆ ಜೀವವಿದೆಯಾ ಅಂತ 30 ಸೆಕೆಂಡಿಗೊಮ್ಮೆ ಕೇಳುತ್ತೆ), ಲ್ಯಾಪ್‌ಟಾಪ್‌ನಲ್ಲಿ ಎಕ್ಸಿಟ್‌ಆನ್‌ಫಾರ್ವರ್ಡ್‌ಫೇಲ್ಯೂರ್ 'ಯೆಸ್' ಮಾಡಿ (ಫಾರ್ವರ್ಡಿಂಗ್ ಆಗದಿದ್ದರೆ ಲಾಗಿನ್ನೂ ಬಿಡುತ್ತೆ), ಮೇಲೆ ಬಿದ್ದ ಕನೆಕ್ಷನ್ ಮತ್ತೆ ಎಬ್ಬಿಸುವ ಆಟೋಎಸ್‌ಎಸ್‌ಎಚ್. ಈಗ ನನ್ನದು ಕಲ್ಲು ಹಾಕಿದರೂ ಅಲ್ಲಾಡಲ್ಲ.

ಬ್ಯಾಕೆಂಡ್ ಹುಡುಗಿ:
ಅಡ್ಮಿನ್ ಸರ್, ಒಂದು ವೆಬ್‌ಹುಕ್ ನೋಡೋಕೆ ಇಷ್ಟು ಪುರಾಣವಾ? ಕ್ಲೌಡ್‌ಫ್ಲೇರ್ ಟನೆಲ್ (ಅವರ ಸರ್ವರ್ ಮೂಲಕ ಲ್ಯಾಪ್‌ಟಾಪ್‌ಗೆ ದಾರಿ ಮಾಡುವ ಸೇವೆ) ಹಾಕಿದರೆ ಒಂದೇ ಕಮಾಂಡ್. ಕನೆಕ್ಷನ್ ಒಳಗಿಂದ ಹೊರಗೆ ಹೋಗೋದರಿಂದ ಸಿಜಿನ್ಯಾಟ್ ಇದ್ದರೇನು, ಬಿಟ್ಟರೇನು.
ಅದಕ್ಕೂ ಮೊದಲು ಬೇರೊಂದು ಕಂಪನಿಯ ಪುಕ್ಕಟೆ ಟನೆಲ್ ನಂಬಿ ಅನುಭವಿಸಿದ್ದು ನನಗೇ ಗೊತ್ತು. ರೀಸ್ಟಾರ್ಟ್ ಮಾಡಿದಾಗಲೆಲ್ಲ ಹೊಸ ವಿಳಾಸ. ಆಮೇಲೆ ಪೇಮೆಂಟ್ ಡ್ಯಾಶ್‌ಬೋರ್ಡ್‌ನಲ್ಲಿ ಬದಲಿಸು, ಗೂಗಲ್ ಲಾಗಿನ್ನಿನ ರೀಡೈರೆಕ್ಟ್‌ನಲ್ಲಿ ಬದಲಿಸು, ನಂಬುವ ಸೈಟ್‌ಗಳ ಕಾರ್ಸ್ ಪಟ್ಟಿಯಲ್ಲಿ ಬದಲಿಸು, ಸಿಎಸ್‌ಆರ್‌ಎಫ್ ಪಟ್ಟಿಯಲ್ಲೂ ಬದಲಿಸು. ಒಂದು ಮರೆತರೂ ಲಾಗಿನ್ ಸಾಯುತ್ತೆ, ಯಾಕೆ ಅಂತ ಎಲ್ಲೂ ಹೇಳಲ್ಲ. ಪುಟಕ್ಕೆ ಮುಂಚೆ ಬರುವ ಅವರ ಎಚ್ಚರಿಕೆ ಪರದೆ ನೋಡಿ ನಮ್ಮ ಕ್ಲೈಂಟ್ ಫೋನ್ ಮಾಡಿ "ವೈರಸ್ ಲಿಂಕ್ ಕಳಿಸಿದ್ದೀರಾ?" ಅಂತ ಕೇಳಿದರು. ಸ್ವಂತ ಡೊಮೇನ್‌ಗೆ ಟನೆಲ್ ಕಟ್ಟಿದ ಮೇಲೇ ನೆಮ್ಮದಿ. ಕ್ಲೌಡ್‌ಫ್ಲೇರ್‌ನಲ್ಲೂ ಖಾತೆಯಿಲ್ಲದ ಕ್ವಿಕ್ ಟನೆಲ್ ಹಾಕಬೇಡಿ: ಏಕಕಾಲಕ್ಕೆ 200 ರಿಕ್ವೆಸ್ಟ್ ಮಿತಿ, ಸರ್ವರ್ ಸೆಂಟ್ ಈವೆಂಟ್ಸ್ (ಸರ್ವರ್ ಬ್ರೌಸರ್‌ಗೆ ಬಿಡದೆ ಕಳಿಸ್ತಿರುವ ಸುದ್ದಿ) ನಡೆಯಲ್ಲ.

ಲಾಗ್ ನೋಡುವವ:
ಇಬ್ಬರೂ ಡೆವ್ ಸರ್ವರನ್ನೇ ಬೀದಿಗೆ ನಿಲ್ಲಿಸೋದು ಹೇಗೆ ಅಂತ ಪೈಪೋಟಿ ಮಾಡ್ತಿದ್ದೀರಿ. ಕಲಾವಿದರಿಗೆ ಅಭಿಮಾನಿಗಳು ಹಣ ಕೊಡುವ ಪೇಟ್ರಿಯಾನ್ ಸೈಟಿನ ಡೇಟಾ 2015ರಲ್ಲಿ ಸೋರಿದ್ದು ಹೊರಗೆ ಕಾಣುವಂತಿದ್ದ ಡಿಬಗ್ (ತಪ್ಪು ಹುಡುಕಲು ಒಳವಿವರ ತೋರಿಸುವ) ಸೈಟಿನಿಂದ. ವೀಟ್‌ನಲ್ಲಿ 2025ರ ಮಾರ್ಚ್‌ನಲ್ಲಿ ಸಿಕ್ಕ ದೋಷ ನೆನಪಿದೆಯಾ? ಯುಆರ್‌ಎಲ್ ಕೊನೆಗೆ 'ರಾ' ಅಂತ ಹಾಕಿ ಎರಡು ಪ್ರಶ್ನಾರ್ಥಕ ಚಿಹ್ನೆ ಸೇರಿಸಿದರೆ ಮೆಷಿನ್‌ನಲ್ಲಿರೋ ಫೈಲ್ ಓದಬಹುದಿತ್ತು.
ಅಡ್ಮಿನ್ ಅವರ ಕ್ಯಾಡಿ ಒಂದೊಂದು ಸಬ್‌ಡೊಮೇನ್‌ಗೂ ಸರ್ಟಿಫಿಕೇಟ್ ತರುತ್ತಲ್ಲ, ಆ ಹೆಸರು ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಲಾಗ್‌ನಲ್ಲಿ (ಕೊಟ್ಟ ಸರ್ಟಿಫಿಕೇಟ್‌ಗಳ ಬಹಿರಂಗ ಪಟ್ಟಿ) ಜಗಜ್ಜಾಹೀರು. ಯಾರಿಗೂ ವಿಳಾಸ ಹೇಳದೆ ಒಂದು ಸೈಟ್ ಎಬ್ಬಿಸಿ ಲಾಗ್ ತೆರೆದು ನೋಡಿ. ಪಾಸ್‌ವರ್ಡ್, ಕೀ ಇಡುವ ಡಾಟ್ ಎನ್ವ್ ಫೈಲ್ ಇದೆಯಾ, ಗಿಟ್ ಕಾನ್ಫಿಗ್ ಇದೆಯಾ, ವರ್ಡ್‌ಪ್ರೆಸ್ ಲಾಗಿನ್ ಇದೆಯಾ ಅಂತ ಬಾಟ್‌ಗಳು ಕದ ತಟ್ಟೋದು ಕಾಣುತ್ತೆ. ನಮ್ಮ ತಂಡದಲ್ಲಿ ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿದೀನಿ ಅಂತ ಒಬ್ಬರು ನಿಶ್ಚಿಂತೆಯಿಂದಿದ್ದರು. ಡಾಕರ್ (ಪ್ರೋಗ್ರಾಮ್‌ಗಳನ್ನ ಕಂಟೇನರ್‌ನಲ್ಲಿ ಓಡಿಸುವ ಟೂಲ್) ಪಬ್ಲಿಷ್ ಮಾಡಿದ ಪೋರ್ಟ್ ಯುಎಫ್‌ಡಬ್ಲ್ಯು ನಿಯಮಗಳನ್ನ ದಾಟಿ ಹೋಗುತ್ತೆ. ಟೆಸ್ಟ್ ಡೇಟಾಬೇಸ್ ಪೂರ್ತಿ ಗುಡಿಸಿಹೋಯ್ತು, ಹಣ ಕೇಳುವ ಒಂದು ಟೇಬಲ್ ಬಿಟ್ಟು.

ಹಳೇ ಅಡ್ಮಿನ್:
ಡಿಎನ್‌ಎಸ್ ಚಾಲೆಂಜ್‌ನಲ್ಲಿ (ಡೊಮೇನ್ ನಮ್ಮದೇ ಅಂತ ಡಿಎನ್‌ಎಸ್ ದಾಖಲೆಯಿಂದ ತೋರಿಸೋದು) ಎಲ್ಲ ಸಬ್‌ಡೊಮೇನ್‌ಗೂ ಒಂದೇ ಆದ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ತಗೊಂಡರೆ ಸಬ್‌ಡೊಮೇನ್ ಹೆಸರು ಆ ಲಾಗ್‌ಗೆ ಹೋಗಲ್ಲ. ಇದು ಗೊತ್ತಿಲ್ಲದವರು ಹೆದರಿಸಬಾರದು.

ಲಾಗ್ ನೋಡುವವ:
ಗೊತ್ತು ಸ್ವಾಮಿ. ನಿಮ್ಮ ಅಷ್ಟುದ್ದದ ಉತ್ತರದಲ್ಲಿ ಅದೊಂದು ಸಾಲು ಎಲ್ಲಿತ್ತು? ಬೇಸಿಕ್ ಆಥ್ (ಪುಟಕ್ಕೆ ಮುಂಚೆ ಕೇಳುವ ಪಾಸ್‌ವರ್ಡ್) ಹಾಕಿ ಅಂತಾದರೂ ಹೇಳಿದಿರಾ?

ಬ್ಯಾಕೆಂಡ್ ಹುಡುಗಿ:
ವೆಬ್‌ಹುಕ್‌ಗೆ ಬೇಸಿಕ್ ಆಥ್ ಹಾಕಿದರೆ ಪೇಮೆಂಟ್‌ನವರು ಪಾಸ್‌ವರ್ಡ್ ಟೈಪ್ ಮಾಡ್ತಾರಾ? ಆ ಪಾತ್ ಒಂದನ್ನ ಬಿಟ್ಟು ಉಳಿದದ್ದಕ್ಕೆ ಹಾಕಬೇಕು, ವೆಬ್‌ಹುಕ್ ಪಾತ್‌ನಲ್ಲಿ ಕಳಿಸಿದ್ದು ಅವರೇನಾ ಅಂತ ಸಿಗ್ನೇಚರ್ ಪರೀಕ್ಷಿಸಬೇಕು. ಪೇಮೆಂಟ್ ಕಂಪನಿ ಸ್ಟ್ರೈಪ್ ಆದರೆ ಅದರ ಸಿಎಲ್‌ಐನೇ (ಕಮಾಂಡ್ ಟೂಲ್) ಈವೆಂಟ್‌ಗಳನ್ನ ಲೋಕಲ್‌ಗೆ ತಂದು ಕೊಡುತ್ತೆ, ಟನೆಲ್ ಮಾತೇ ಇಲ್ಲ.

ಐಪಿವಿ6 ಅಭಿಮಾನಿ:
ಸಿಜಿನ್ಯಾಟ್‌ಗೆ ಅಂತ 2012ರಲ್ಲಿ 100.64.0.0/10 ವಿಳಾಸಗಳ ಗುಂಪು ಎತ್ತಿಟ್ಟರು, ಎಲ್ಲರೂ ಅದರೊಳಗೇ ಗೂಡು ಕಟ್ಟಿಕೊಂಡರು. ನನ್ನ ಮೆಷಿನ್‌ಗೆ ಹೊರಗಿಂದಲೇ ತಲುಪುವ ನೇರ ಐಪಿವಿ6 (ಹೊಸ ಮಾದರಿಯ ಇಂಟರ್ನೆಟ್) ವಿಳಾಸ ಇದೆ, ರೌಟರ್ ಫೈರ್‌ವಾಲ್‌ನಲ್ಲಿ ಒಂದು ನಿಯಮ, ಮುಗೀತು. ಏನಂದ್ರೆ, ಪ್ರೈವಸಿ ವಿಳಾಸ ಬದಲಾಗ್ತಾ ಇರುತ್ತೆ, ಡಿಎನ್‌ಎಸ್‌ನಲ್ಲಿ ಸ್ಥಿರ ವಿಳಾಸವನ್ನೇ ಹಾಕಬೇಕು. ರೌಟರ್ ಆಫ್ ಆಗಿ ಬಂದರೆ ನಮ್ಮ ಐಎಸ್‌ಪಿ ಪ್ರಿಫಿಕ್ಸನ್ನೇ (ವಿಳಾಸದ ಮೊದಲ ಭಾಗ) ಬದಲಿಸ್ತಾರೆ, ಅದಕ್ಕೊಂದು ಸ್ಕ್ರಿಪ್ಟ್ ಬರೆದೆ. ಆ ಸ್ಕ್ರಿಪ್ಟ್ ಬಿದ್ದರೆ ತಿಳಿಸೋಕೆ ಇನ್ನೊಂದು.

ಹಳೇ ಅಡ್ಮಿನ್:
"ಮುಗೀತು" ಅಂದ ಮೇಲೆ ಎರಡು ಸ್ಕ್ರಿಪ್ಟ್ ಬಂತು. ಕ್ಲೈಂಟ್ ಕೂತಿರೋ ಆಫೀಸಿನಲ್ಲಿ ಐಪಿವಿ6 ಇಲ್ಲದಿದ್ದರೆ ನಿಮ್ಮ ನೇರ ವಿಳಾಸ ಯಾರಿಗೆ?

ಐಪಿವಿ6 ಅಭಿಮಾನಿ:
ನಿಮ್ಮಂಥವರಿಂದಲೇ ಇಲ್ಲ.

ಹೊಸ ಡೆವಲಪರ್:
ಸಾರ್, ನೀವು ಹೇಳಿದಂತೆ ವಿಪಿಎಸ್ ಮಾಡಿದೆ. ಎಸ್‌ಎಸ್‌ಎಚ್ ಕನೆಕ್ಟ್ ಆಗಿದೆ, ಆದರೆ ಬ್ರೌಸರ್‌ನಲ್ಲಿ 502 (ಹಿಂದಿನ ಸರ್ವರ್ ಸಿಗ್ತಿಲ್ಲ ಅನ್ನೋ ಎರರ್). ಲ್ಯಾಪ್‌ಟಾಪ್‌ನಲ್ಲಿ ಲೋಕಲ್‌ಹೋಸ್ಟ್ ಅಂತ ಹೊಡೆದರೆ ಪುಟ ಬರುತ್ತೆ.

ಹಳೇ ಅಡ್ಮಿನ್:
ಕ್ಯಾಡಿ ಲಾಗ್ ಹಾಕಿ. ಗೇಟ್‌ವೇಪೋರ್ಟ್ಸ್ ಮುಟ್ಟಿದಿರಾ?

ಬ್ಯಾಕೆಂಡ್ ಹುಡುಗಿ:
ಗೇಟ್‌ವೇಪೋರ್ಟ್ಸ್ ಅಲ್ಲ, ಅವರು ಕೊಟ್ಟ ಆ 127.0.0.1. ವೀಟ್ ಓಡುವ ನೋಡ್ (ಜಾವಾಸ್ಕ್ರಿಪ್ಟ್ ರನ್‌ಟೈಮ್) 17 ಬಂದಾಗಿನಿಂದ ಲೋಕಲ್‌ಹೋಸ್ಟ್ ಅಂದರೆ ಮೊದಲು ಐಪಿವಿ6 ವಿಳಾಸ ಸಿಗಬಹುದು. ನಿಮ್ಮ ವೀಟ್ ಅದರ ಮೇಲಷ್ಟೇ ಕೂತಿರುತ್ತೆ, ಎಸ್‌ಎಸ್‌ಎಚ್ ಖಾಲಿ ಬಾಗಿಲು ಬಡೀತಿದೆ. ವೀಟ್‌ಗೆ ಹೋಸ್ಟ್ 127.0.0.1 ಅಂತ ಕೊಟ್ಟು ಮತ್ತೆ ಓಡಿಸಿ.

ಐಪಿವಿ6 ಅಭಿಮಾನಿ:
ಅಥವಾ ಎಸ್‌ಎಸ್‌ಎಚ್‌ಗೆ ಐಪಿವಿ6 ಲೂಪ್‌ಬ್ಯಾಕ್ ಕೊಡಿ. ಹಿಂದೆ ಉಳಿದದ್ದು ವೀಟ್ ಅಲ್ಲ.

ಹೊಸ ಡೆವಲಪರ್:
502 ಹೋಯ್ತು, ಥ್ಯಾಂಕ್ಸ್. ಈಗ ಈ ಹೋಸ್ಟ್‌ಗೆ ಅನುಮತಿ ಇಲ್ಲ ಅಂತ ವೀಟ್ ಹೇಳ್ತಿದೆ. ಅಲೌಡ್‌ಹೋಸ್ಟ್ಸ್ 'ಟ್ರೂ' ಮಾಡಿ ಎಲ್ಲ ಹೆಸರಿಗೂ ಬಿಟ್ಟುಬಿಡಲಾ?

ಲಾಗ್ ನೋಡುವವ:
ಬೇಡ! ಡಿಎನ್‌ಎಸ್ ರೀಬೈಂಡಿಂಗ್ (ಹೊರಗಿನ ಸೈಟ್ ತನ್ನ ಹೆಸರನ್ನ ನಿಮ್ಮ ಮೆಷಿನ್‌ಗೆ ತಿರುಗಿಸಿ ಒಳನುಗ್ಗೋದು) ತಡೆಯೋಕೇ 2025ರ ಜನವರಿಯಲ್ಲಿ ಅದನ್ನ ತಂದದ್ದು. ನಿಮ್ಮ ಡೊಮೇನ್ ಹೆಸರೊಂದನ್ನೇ ಬರೀರಿ. ಜಾಂಗೋ ಅಲೌಡ್ ಹೋಸ್ಟ್ಸ್‌ನಲ್ಲೂ ನಕ್ಷತ್ರ (ಎಲ್ಲ ಹೆಸರಿಗೂ ಅನುಮತಿ) ಹಾಕಬೇಡಿ, ಡಿಬಗ್ ಆರಿಸಿ.

ಹಳೇ ಅಡ್ಮಿನ್:
ಡಿಬಗ್ ಆರಿಸಿದರೆ ಜಾಂಗೋ ರನ್‌ಸರ್ವರ್ (ಅದರ ಡೆವ್ ಸರ್ವರ್) ಸಿಎಸ್‌ಎಸ್, ಚಿತ್ರದಂಥ ಸ್ಟ್ಯಾಟಿಕ್ ಫೈಲ್ ಕೊಡಲ್ಲ, ಅಡ್ಮಿನ್ ಪುಟ ಸಿಎಸ್‌ಎಸ್ ಇಲ್ಲದೆ ಬರುತ್ತೆ. ಅದನ್ನೂ ಹೇಳಿ, ಇಲ್ಲಾಂದ್ರೆ ನಾಳೆ ಇವರು ಅದಕ್ಕೊಂದು ಪ್ರಶ್ನೆ ಹಾಕ್ತಾರೆ.

ಲಾಗ್ ನೋಡುವವ:
ಅಡ್ಮಿನ್ ಪುಟ ಹೊರಗೆ ಯಾಕೆ ಕಾಣಬೇಕು ಅನ್ನೋದೇ ನನ್ನ ಪ್ರಶ್ನೆ.