ಅಪ್ಪನಿಗೆ 66, ಅಮ್ಮನಿಗೆ 61: ಇಬ್ಬರಿಗೂ ಪಿಂಚಣಿ ಸಿಗುತ್ತಾ? ಮಾಡಿಸಿದವರು ಅನುಭವ ಹೇಳಿ

ಪ್ರಶ್ನೆ

ನಮಸ್ಕಾರ. ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಆಧಾರ್ ಪ್ರಕಾರ ಅಪ್ಪನಿಗೆ 66, ಅಮ್ಮನಿಗೆ 61. ಎರಡು ಎಕರೆ ಖುಷ್ಕಿ ಇದೆ, ಮಳೆ ಬಂದರೆ ರಾಗಿ, ಇಲ್ಲದಿದ್ದರೆ ಅದೂ ಇಲ್ಲ. ಬಿಪಿಎಲ್ ಕಾರ್ಡ್ ಇದೆ. ನಾನು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕಿದ್ದೇನೆ. ಮದುವೆಯಾದ ಮೇಲೆ ನನ್ನ ರೇಷನ್ ಕಾರ್ಡ್ ಬೇರೆ, ಸಂಸಾರವೂ ಬೇರೆ. "ಮಗ ದುಡೀತಾನಲ್ಲ, ನಿಮಗೆಲ್ಲಿ ಬರುತ್ತೆ" ಅಂತ ಊರಲ್ಲಿ ಯಾರೋ ಅಂದಿದ್ದನ್ನು ನಂಬಿಕೊಂಡು ಅಪ್ಪ ಅರ್ಜಿಯನ್ನೇ ಹಾಕಿಲ್ಲ. ಅದೂ ಅಲ್ಲದೆ ವೋಟರ್ ಕಾರ್ಡಿನಲ್ಲಿ ಅವರ ವಯಸ್ಸು ನಾಲ್ಕು ವರ್ಷ ಕಮ್ಮಿ ಬಿದ್ದಿದೆ. ಇಬ್ಬರಿಗೂ ಹಾಕಬಹುದಾ? ಯಾವ ಯೋಜನೆಗೆ? ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ? ರಜೆ ಸಿಗೋದು ಕಷ್ಟ. ಊರಿಗೆ ಹೋದಾಗ ಒಂದೇ ಸಲಕ್ಕೆ ಎಲ್ಲ ಮುಗಿಸಿಕೊಂಡು ಬರಬೇಕು.

ಕಂದಾಯ ಇಲಾಖೆಯಲ್ಲಿದ್ದು ನಿವೃತ್ತರಾದವರು

ಇಬ್ಬರಿಗೂ ಹಾಕಬಹುದು. ಆದರೆ ಇಬ್ಬರಿಗೂ ಒಂದೇ ಯೋಜನೆ ಅಲ್ಲ, ಮೊದಲು ಅದನ್ನು ತಿಳಿದುಕೊಳ್ಳಿ.

ನಮ್ಮ ರಾಜ್ಯದಲ್ಲಿ ವಯಸ್ಸಾದವರಿಗೆ ಎರಡು ದಾರಿ. ಒಂದು ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ. ಇದು 1995ರಲ್ಲಿ ಶುರುವಾದ ಕೇಂದ್ರದ ಯೋಜನೆ, 2007ರಲ್ಲಿ ಈ ಹೆಸರು ಬಂತು. ಮೊದಲು 65 ತುಂಬಿರಬೇಕಿತ್ತು, 2011ರಲ್ಲಿ 60ಕ್ಕೆ ಇಳಿಸಿದರು. ಬಿಪಿಎಲ್ ಕುಟುಂಬ ಆಗಿರಬೇಕು. 60ರಿಂದ 64ರವರೆಗೆ ತಿಂಗಳಿಗೆ 800 ರೂಪಾಯಿ, 65 ದಾಟಿದರೆ 1,200. ಇದರಲ್ಲಿ ಕೇಂದ್ರ ಕೊಡೋದು 79 ವರ್ಷದವರೆಗೆ ಬರೀ 200, 80 ಆದ ಮೇಲೆ 500. ಉಳಿದದ್ದನ್ನು ರಾಜ್ಯ ತುಂಬುತ್ತದೆ. ಆ 200 ಎಷ್ಟೋ ವರ್ಷದಿಂದ ಹಾಗೇ ನಿಂತಿದೆ. ಅಕ್ಕಿ, ಬೇಳೆ, ಮಾತ್ರೆ ಎಲ್ಲದರ ಬೆಲೆ ಏರಿದರೂ ಅದೊಂದು ಅಲುಗಾಡಿಲ್ಲ. ಇದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಎರಡನೆಯದು ಸಂಧ್ಯಾ ಸುರಕ್ಷಾ. ಇದು ಪೂರ್ತಿ ರಾಜ್ಯದ್ದು, 2007ರಲ್ಲಿ ಬಂತು. 65 ತುಂಬಿರಬೇಕು, ತಿಂಗಳಿಗೆ 1,200. ಸಣ್ಣ ರೈತರು, ಅತಿ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು, ಅಸಂಘಟಿತ ಕೆಲಸಗಾರರು ಅಂತ ವರ್ಗ ಮಾಡಿದ್ದಾರೆ. ಐದು ಎಕರೆಯೊಳಗೆ ಇರುವವರು ಸಣ್ಣ ರೈತರ ಲೆಕ್ಕಕ್ಕೆ ಬರುತ್ತಾರೆ, ಹಾಗಾಗಿ ನಿಮ್ಮ ತಂದೆಯವರಿಗೆ ಪಹಣಿ ಒಂದಿದ್ದರೆ ಸಾಕು.

ನಿಮ್ಮ ಮನೆ ಲೆಕ್ಕ ಹೀಗಾಗುತ್ತದೆ. ತಂದೆಯವರಿಗೆ ಸಂಧ್ಯಾ ಸುರಕ್ಷಾ, ತಾಯಿಯವರಿಗೆ ವೃದ್ಧಾಪ್ಯ ವೇತನ. ಗಂಡನಿಗೆ ಬರುತ್ತಿದೆ ಅಂತ ಹೆಂಡತಿಯ ಅರ್ಜಿ ತಳ್ಳುವ ಹಾಗಿಲ್ಲ. ಆದರೆ ಒಬ್ಬರಿಗೆ ಒಂದೇ ಪಿಂಚಣಿ. ವಿಧವಾ ವೇತನವೋ ಅಂಗವಿಕಲ ವೇತನವೋ ಆಗಲೇ ಬರುತ್ತಿದ್ದರೆ ಅದರ ಮೇಲೆ ಇನ್ನೊಂದು ಸಿಗುವುದಿಲ್ಲ.

ಈಗ ಮಗನ ಸಂಬಳದ ವಿಷಯ. ಈ ಮಾತು ಕೇಳಿಕೊಂಡು ಅರ್ಜಿಯನ್ನೇ ಹಾಕದೆ ವರ್ಷಗಟ್ಟಲೆ ಕೂತ ಹಿರಿಯರನ್ನು ನಾನು ತುಂಬ ನೋಡಿದ್ದೇನೆ. ಸಂಧ್ಯಾ ಸುರಕ್ಷಾಗೆ ನೋಡುವುದು ಗಂಡ ಹೆಂಡತಿ ಇಬ್ಬರ ಆದಾಯವನ್ನು. ವರ್ಷಕ್ಕೆ 20,000 ಇದ್ದ ಮಿತಿ ಆಮೇಲೆ 32,000 ಆಯಿತು. ಮಗ ಇದ್ದಾನೆ ಅನ್ನುವುದೊಂದೇ ಕಾರಣಕ್ಕೆ ಯಾರೂ ಅನರ್ಹರಾಗುವುದಿಲ್ಲ. ಆದರೆ ಮಗ ಅದೇ ಮನೆಯಲ್ಲಿದ್ದು ಅದೇ ಕಾರ್ಡಿನಲ್ಲಿದ್ದರೆ ಆದಾಯ ಪ್ರಮಾಣ ಪತ್ರ ಕೊಡುವಾಗ ಅವನ ದುಡಿಮೆಯೂ ಸೇರಿಬಿಡುತ್ತದೆ. ತೊಡಕು ಶುರುವಾಗುವುದೇ ಅಲ್ಲಿ. ನಿಮ್ಮದು ನಿಜವಾಗಿ ಬೇರೆ ಸಂಸಾರ, ಬೇರೆ ಕಾರ್ಡ್. ಹಾಗಾಗಿ ತೊಂದರೆ ಇಲ್ಲ.

ಇನ್ನೊಂದು ಷರತ್ತು ಜಾಸ್ತಿ ಜನಕ್ಕೆ ಗೊತ್ತಿಲ್ಲ. 2007ರ ನಿಯಮದಲ್ಲೇ ಗಂಡ ಹೆಂಡತಿ ಇಬ್ಬರ ಹೆಸರಿನ ಬ್ಯಾಂಕ್ ಠೇವಣಿ ಸೇರಿ 10,000 ರೂಪಾಯಿ ಮೀರಬಾರದು ಅಂತ ಇದೆ. ಮಗಳ ಮದುವೆಗೆ ಅಂತ ಅಮ್ಮನ ಹೆಸರಲ್ಲಿ ಎಫ್‌ಡಿ ಇಟ್ಟಿದ್ದರೆ ಮೊದಲೇ ಯೋಚನೆ ಮಾಡಿ.

ಹಾವೇರಿ ಕಡೆಯ ಒಬ್ಬ ಅಕ್ಕ

ನಮ್ಮ ಅತ್ತೆಯವರಿಗೆ ಮಾಡಿಸಿದ್ದು ನಾನೇ, ಅದಕ್ಕೆ ಬರೀತಿದ್ದೇನೆ. ಸರ್ ಹೇಳಿದ್ದು ಎಲ್ಲಾ ಸರಿ. ಆದರೆ ನಿಯಮಕ್ಕಿಂತ ನಮ್ಮನ್ನು ಜಾಸ್ತಿ ಅಲೆಸಿದ್ದು ಆದಾಯ ಪ್ರಮಾಣ ಪತ್ರ.

ನೋಡಿ ಅಣ್ಣ, ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ 1.2 ಲಕ್ಷದವರೆಗೆ ನಡೆಯುತ್ತೆ. ಪಿಂಚಣಿಗೆ 32,000. ಅಂದರೆ ತಿಂಗಳಿಗೆ 2,700 ರೂಪಾಯಿಯೂ ಇಲ್ಲ. ಕಾರ್ಡ್ ಇದೆಯಲ್ಲ, ಆಯ್ತು ಬಿಡು ಅಂದುಕೊಂಡು ಹೋದರೆ ಅಲ್ಲಿ ಸಿಕ್ಕಿಬೀಳ್ತೀರಿ. ನಮ್ಮ ಮನೆಯಲ್ಲಿ ಮಗಳ ಸ್ಕಾಲರ್‌ಶಿಪ್‌ಗೆ ಅಂತ ಮೊದಲೇ ಒಂದು ಆದಾಯ ಪತ್ರ ತೆಗೆಸಿದ್ದೆವು, ಅದರಲ್ಲಿ ಇಡೀ ಮನೆ ಲೆಕ್ಕ 45,000 ಅಂತ ಇತ್ತು. ಕಂಪ್ಯೂಟರಿನಲ್ಲಿ ಅದರ ಆರ್‌ಡಿ ನಂಬರ್, ಅಂದರೆ ಆ ಪತ್ರದ ಮೇಲಿರೋ ನಂಬರ್, ಹಾಕಿದ ತಕ್ಷಣ ಅರ್ಜಿ ಅಲ್ಲಿಗೇ ನಿಂತಿತು. ಆದಾಯ ಪತ್ರ ಐದು ವರ್ಷ ನಡೆಯುತ್ತೆ, ಹಾಗಾಗಿ ಹಳೆಯದು ಮನೆಯಲ್ಲಿದ್ದರೆ ಎಲ್ಲರೂ ಅದನ್ನೇ ತಗೊಂಡು ಹೋಗ್ತಾರೆ. ನೀವು ಹಾಗೆ ಮಾಡಬೇಡಿ. ಅಪ್ಪ ಅಮ್ಮ ಇಬ್ಬರೇ ಇರೋ ಕಾರ್ಡ್ ತೋರಿಸಿ ಅವರ ಹೆಸರಲ್ಲೇ ಹೊಸದಾಗಿ ಆದಾಯ ಪತ್ರಕ್ಕೆ ನಾಡಕಚೇರಿಯಲ್ಲಿ ಹಾಕಿ. ಅದು ಕೈಗೆ ಬಂದ ಮೇಲೆ ಪಿಂಚಣಿ ಅರ್ಜಿ.

ಗ್ರಾಮ ಆಡಳಿತ ಅಧಿಕಾರಿ, ಅದೇ ನಾವು ವಿಎ ಅಂತೀವಲ್ಲ, ಅವರು ಮನೆಗೆ ಬಂದು ವಿಚಾರಿಸ್ತಾರೆ. ಆಗ ಇದ್ದದ್ದನ್ನು ಇದ್ದ ಹಾಗೆ ಹೇಳೋಕೆ ಅತ್ತೆಯವರಿಗೆ ಹೇಳಿದ್ದೆ. ಕೂಲಿಗೆ ಹೋಗ್ತೀರಾ, ಎಮ್ಮೆ ಇದೆಯಾ, ಜಮೀನು ಎಷ್ಟು, ಮಕ್ಕಳು ಎಲ್ಲಿದ್ದಾರೆ, ಇಷ್ಟೇ ಕೇಳಿದ್ದು. ವಯಸ್ಸಾದವರು ಮರ್ಯಾದೆಗೆ ಅಂಜಿ "ನಮಗೇನು ಕಮ್ಮಿ ಇಲ್ಲ ಸಾಮೀ, ಮಗ ಚೆನ್ನಾಗಿ ನೋಡ್ಕೋತಾನೆ" ಅಂದುಬಿಡ್ತಾರೆ. ಪಕ್ಕದ ಮನೆ ಅಜ್ಜ ಹಾಗೇ ಹೇಳಿ ಅರ್ಜಿ ಕಳಕೊಂಡರು. ಆ ಹೊತ್ತಿಗೆ ಮನೆಯವರು ಯಾರಾದರೂ ಜೊತೆಗೆ ಇರಿ.

ಗ್ರಾಮ ಒನ್ ನಡೆಸುವವರು

ಕೌಂಟರಿನ ಈ ಕಡೆ ಕೂತು ದಿನಾ ನೋಡುವುದನ್ನು ಹೇಳುತ್ತೇನೆ. ಹತ್ತು ಅರ್ಜಿ ಬಂದರೆ ಅರ್ಧಕ್ಕರ್ಧ ಹೆಸರಿನಲ್ಲೇ ಎಡವುತ್ತವೆ. ಆಧಾರಿನಲ್ಲಿ "ಪುಟ್ಟಮ್ಮ", ರೇಷನ್ ಕಾರ್ಡಿನಲ್ಲಿ "ಪುಟ್ಟತಾಯಮ್ಮ", ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಜೊತೆಗೆ ಇನ್ನೇನೋ. ಮನುಷ್ಯ ನೋಡಿದರೆ ಒಬ್ಬರೇ ಅಂತ ಗೊತ್ತಾಗುತ್ತೆ, ಸಿಸ್ಟಂಗೆ ಗೊತ್ತಾಗಲ್ಲ. ಊರಿಗೆ ಬರುವ ಮುಂಚೆಯೇ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಹಣಿ ನಾಲ್ಕರ ಫೋಟೊ ತರಿಸಿಕೊಂಡು ಫೋನಿನಲ್ಲೇ ಅಕ್ಷರ ಅಕ್ಷರ ಕೂಡಿಸಿ ನೋಡಿ.

ವಯಸ್ಸಿನ ವಿಷಯ. ಅರ್ಜಿ ಹಾಕುವಾಗ ಹುಟ್ಟಿದ ದಿನ ಆಧಾರಿನಿಂದಲೇ ಬರುತ್ತೆ. ಆದರೆ ಪರಿಶೀಲನೆಗೆ ಬಂದವರು ವೋಟರ್ ಕಾರ್ಡ್ ನೋಡಿ ಅಲ್ಲಿ 62 ಅಂತ ಇದ್ದರೆ ಸಂಶಯ ಪಡ್ತಾರೆ, ಅದು ಸಹಜ. ಹಳ್ಳಿ ಕಡೆ ಎಷ್ಟೋ ಜನರ ಆಧಾರಿನಲ್ಲಿ ಹುಟ್ಟಿದ ದಿನ ಜನವರಿ 1 ಅಂತಲೇ ಇರುತ್ತೆ, ಅಂದಾಜಿಗೆ ಹಾಕಿದ್ದು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಆಧಾರ್ ಹುಟ್ಟಿದ ದಿನಕ್ಕೆ ಪಕ್ಕಾ ಪುರಾವೆ ಅಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಒಂದು ಅಪಘಾತ ಪರಿಹಾರದ ಕೇಸಿನಲ್ಲಿ ಹೇಳಿದೆ, ಅಲ್ಲಿ ಶಾಲೆ ಬಿಟ್ಟ ಪತ್ರವನ್ನೇ ಹಿಡಿದರು. ನಿಮ್ಮಪ್ಪ ಒಂದೆರಡು ಕ್ಲಾಸ್ ಓದಿದ್ದರೂ ಸಾಕು, ಆ ಶಾಲೆಗೆ ಹೋಗಿ ದಾಖಲಾತಿ ಪುಸ್ತಕ ನೋಡಿಸಿ ಬರೆಸಿಕೊಳ್ಳಿ. ಹಳೇ ಶಾಲೆಗಳಲ್ಲಿ ಆ ಪುಸ್ತಕ ಇನ್ನೂ ಇರುತ್ತೆ. ಶಾಲೆಗೇ ಹೋಗಿಲ್ಲ ಅಂದರೆ ಸರ್ಕಾರಿ ಆಸ್ಪತ್ರೆ ಡಾಕ್ಟರ ಹತ್ತಿರ ವಯಸ್ಸಿನ ದೃಢೀಕರಣ ಪತ್ರ. ವೋಟರ್ ಕಾರ್ಡಿನ ವಯಸ್ಸು ಸರಿ ಮಾಡಿಸೋದಕ್ಕೆ ನಮೂನೆ 8, ಅದನ್ನು ಬೆಂಗಳೂರಿನಲ್ಲಿ ಕೂತು ಆನ್‌ಲೈನ್‌ನಲ್ಲೇ ಹಾಕಬಹುದು. ಇವತ್ತೇ ಹಾಕಿ.

ಒಂದು ಬೇಡಿಕೆ. ಪಿಂಚಣಿ ಸಿಗಲಿ ಅಂತ ಆಧಾರಿನಲ್ಲಿ ವಯಸ್ಸು ಜಾಸ್ತಿ ಮಾಡಿಸೋಕೆ ಯಾರೂ ಹೋಗಬೇಡಿ. ಹುಟ್ಟಿದ ದಿನ ತಿದ್ದೋಕೆ ಸಾಮಾನ್ಯವಾಗಿ ಒಂದೇ ಅವಕಾಶ. ಅದು ಮುಗಿದರೆ ಮುಂದೆ ನಿಜವಾದ ತಪ್ಪು ಸರಿಮಾಡಿಸೋದೂ ಕಷ್ಟವಾಗುತ್ತೆ.

ಕಲಬುರಗಿಯಿಂದ ಒಬ್ಬರು

ಮಧ್ಯದವರ ಕೈಗೆ ಹೋಗಬೇಡಿ. ನಮ್ಮ ಕಡೆ "ಎರಡು ಸಾವಿರ ಕೊಡಿ, ಆರ್ಡರ್ ಕಾಪಿ ಮನೆಗೇ ತಂದುಕೊಡ್ತೀನಿ" ಅನ್ನೋರು ಸಿಗ್ತಾರೆ. 800 ರೂಪಾಯಿಗೆ ಕಾಯೋ ಮುದುಕಿ ಹತ್ತಿರ ಮೂರು ತಿಂಗಳ ಪಿಂಚಣಿಗೆ ಹತ್ತಿರದಷ್ಟು ದುಡ್ಡು ಮೊದಲೇ ಕಿತ್ತುಕೊಳ್ಳೋದು ಅದು. ಅವರು ಮಾಡೋದೂ ನಾಡಕಚೇರಿಗೆ ಹೋಗಿ ಅದೇ ಅರ್ಜಿ ಹಾಕೋದು, ಅಷ್ಟೇ. ಅರ್ಜಿ ಹಾಕಿದಾಗ ಸಕಾಲ ನಂಬರ್ ಇರೋ ಸ್ವೀಕೃತಿ ಚೀಟಿ ಕೊಡ್ತಾರೆ, ಹದಿನೈದು ಅಂಕಿ. ಕೇಳಿ ಇಸ್ಕೊಳ್ಳಿ. ಆ ಚೀಟಿ ಇಲ್ಲ ಅಂದರೆ ಅರ್ಜಿ ಎಲ್ಲಿದೆ ಅಂತ ಕೇಳೋ ಹಕ್ಕೇ ಇಲ್ಲದ ಹಾಗೆ.

ಶಿವಮೊಗ್ಗದಿಂದ ಒಬ್ಬರು

ಮಂಜೂರಾತಿ ಆದೇಶ ಬಂತು ಅಂತ ಎಲ್ಲರೂ ನಿಟ್ಟುಸಿರು ಬಿಡ್ತಾರೆ. ನಮ್ಮಮ್ಮನ ವಿಷಯದಲ್ಲಿ ಕಷ್ಟ ಶುರುವಾಗಿದ್ದೇ ಅಲ್ಲಿಂದ. ಆದೇಶ ಇದೆ, ದುಡ್ಡು ಇಲ್ಲ. ಬ್ಯಾಂಕಿಗೆ ಹೋದರೆ "ನಮಗೇನೂ ಬಂದಿಲ್ಲ", ತಾಲೂಕು ಕಚೇರಿಗೆ ಹೋದರೆ "ನಾವು ಕಳಿಸಿದ್ದೀವಿ".

ಆಮೇಲೆ ಗೊತ್ತಾಗಿದ್ದು, ದುಡ್ಡು ಆಧಾರ್ ನಂಬರ್ ಹಿಡಿದು ಹೋಗುತ್ತೆ. ಪಾಸ್‌ಬುಕ್ಕಿನ ನಂಬರ್ ಅರ್ಜಿಯಲ್ಲಿ ಏನೇ ಬರೆದಿರಲಿ, ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಸೀಡ್, ಅಂದರೆ ಜೋಡಣೆ, ಆಗಿದೆಯೋ ಆ ಖಾತೆಗೇ ಬೀಳುತ್ತೆ. ಅಮ್ಮ ಎಷ್ಟೋ ವರ್ಷದ ಹಿಂದೆ ಸ್ವಸಹಾಯ ಸಂಘಕ್ಕೆ ಅಂತ ತೆರೆದು ಮರೆತೇಬಿಟ್ಟಿದ್ದ ಇನ್ನೊಂದು ಖಾತೆ ಇತ್ತು. ಆಧಾರ್ ಜೋಡಣೆಯಾಗಿದ್ದು ಅದಕ್ಕೆ. ಎರಡು ವರ್ಷ ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯ ಅಂತ ಮಾಡ್ತಾರಲ್ಲ, ಅದೂ ಆಗಿತ್ತು. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ಅಂತ ಒಂದು ಜಾಗ ಇದೆ, ಮೊಬೈಲಿಗೆ ಒಟಿಪಿ ಬಂದರೆ ಯಾವ ಬ್ಯಾಂಕ್ ಅಂತ ತೋರಿಸುತ್ತೆ. ಅರ್ಜಿ ಹಾಕುವ ಮೊದಲೇ ಅಪ್ಪ ಅಮ್ಮ ಇಬ್ಬರದ್ದೂ ನೋಡಿ. ಅದಕ್ಕೆ ಆಧಾರಿಗೆ ಅವರ ಮೊಬೈಲ್ ನಂಬರ್ ಸೇರಿರಬೇಕು. ಬ್ಯಾಂಕ್ ದೂರ ಇದ್ದರೆ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಖಾತೆ ತೆರೆಸಿ, ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೇ ಬಂದು ಕೊಡ್ತಾರೆ. ಮೊದಲು ಮನಿಆರ್ಡರಿನಲ್ಲಿ ಬರ್ತಿತ್ತಲ್ಲ, ನಡೆಯಲಾಗದವರಿಗೆ ಅದೇ ಅನುಕೂಲ ಈಗಲೂ ಬೇಕು.

ಬೆರಳಚ್ಚು ಬಗ್ಗೆ ಒಂದು ಮಾತು. ಹೊಲ ಗೆಯ್ದು, ಪಾತ್ರೆ ತಿಕ್ಕಿ ಸವೆದ ಬೆರಳು ಯಂತ್ರಕ್ಕೆ ಹತ್ತಲ್ಲ. ಅಮ್ಮ ಬೆರಳು ಒರೆಸಿ ಒರೆಸಿ ಒತ್ತಿ ಸೋತು ಕೂತಿದ್ದನ್ನು ನೋಡಿ ಸಂಕಟ ಆಯ್ತು. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಿಸಿ, ಕಣ್ಣಿನದ್ದೂ ಕೊಡಿಸಿ. ಆಮೇಲೆ ದುಡ್ಡು ತೆಗೆದಾಗಲೆಲ್ಲ ರಸೀದಿ ಇಸ್ಕೊಳ್ಳೋಕೆ ಹೇಳಿ. 1,200 ತೆಗೆದು 1,100 ಕೈಗಿಡೋರೂ ಇದ್ದಾರೆ.

ಬೆಳಗಾವಿಯಿಂದ ಒಬ್ಬರು

ಗೃಹಲಕ್ಷ್ಮಿ ಬರ್ತಿರೋದಕ್ಕೆ ಪಿಂಚಣಿ ಬರಲ್ಲ ಅಂತ ನಿಮ್ಮಮ್ಮನಿಗೆ ಯಾರಾದರೂ ಹೇಳಿದರೆ ನಂಬಬೇಡಿ. ಅದು ಮನೆ ಯಜಮಾನಿಗೆ ಕೊಡೋದು, ಇದು ವಯಸ್ಸಿಗೆ ಕೊಡೋದು. ನಮ್ಮವ್ವನಿಗೆ ಎರಡೂ ಬರ್ತಾವೆ.

ಕೇಳಿದವರು

ಎಲ್ಲರಿಗೂ ಕೈ ಮುಗಿಯುತ್ತೇನೆ. ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ, ಮಗನ ಸಂಬಳದ ಭಯ ಹೋಯಿತು. ಅಮ್ಮನ ಪಾಸ್‌ಬುಕ್ಕಿನಲ್ಲಿ ಹೆಸರು ಬೇರೆ ಇದೆ, ಅದನ್ನು ಮೊದಲು ಸರಿ ಮಾಡಿಸುತ್ತೇನೆ. ಇನ್ನೊಂದೇ ಪ್ರಶ್ನೆ. ಇಷ್ಟೆಲ್ಲ ಮಾಡಿಯೂ ತಿರಸ್ಕಾರ ಆದರೆ? ಆಮೇಲೆ, ಅಮ್ಮನಿಗೆ 65 ಆದಾಗ ಮತ್ತೆ ಅರ್ಜಿ ಹಾಕಬೇಕಾ?

ಕಂದಾಯ ಇಲಾಖೆಯಲ್ಲಿದ್ದು ನಿವೃತ್ತರಾದವರು

ತಿರಸ್ಕಾರ ಆದರೆ ಬಾಯಿಮಾತಿನ ಉತ್ತರ ಕೇಳಿಕೊಂಡು ವಾಪಸ್ ಬರಬೇಡಿ. ಕಾರಣ ಬರೆದುಕೊಡಿ ಅನ್ನಿ. ಸಕಾಲ ಕಾಯ್ದೆ ಇರುವುದೇ ಅದಕ್ಕೆ, ಗಡುವಿನೊಳಗೆ ಕೆಲಸ ಆಗಬೇಕು ಅಥವಾ ಯಾಕೆ ಆಗಿಲ್ಲ ಅಂತ ಕಾರಣ ಬೇಕು. ಬರೆದ ಕಾರಣ ಕೈಯಲ್ಲಿದ್ದರೆ ಅರ್ಧ ದಾರಿ ಸಾಗಿದ ಹಾಗೆ. ವಯಸ್ಸಿನ ಪುರಾವೆ ಸಾಲದು ಅಂದಿದ್ದರೆ ಪುರಾವೆ ತಂದು ಮತ್ತೆ ಹಾಕಿ. ಅರ್ಹತೆ ಇದ್ದೂ ತಳ್ಳಿದ್ದಾರೆ ಅನ್ನಿಸಿದರೆ ಉಪವಿಭಾಗಾಧಿಕಾರಿಗಳಿಗೆ, ಅಂದರೆ ಎಸಿ ಕಚೇರಿಗೆ, ಮೇಲ್ಮನವಿ ಕೊಡಿ. ತಾಲೂಕಿನಲ್ಲಿ ಪಿಂಚಣಿ ಅದಾಲತ್ ನಡೆಸುವ ದಿನ ವಿಎ ಹತ್ತಿರ ವಿಚಾರಿಸಿ. ಅಲ್ಲಿ ತಹಶೀಲ್ದಾರರೇ ಇರುತ್ತಾರೆ, ಎಷ್ಟೋ ಅರ್ಜಿ ಅಲ್ಲೇ ಬಗೆಹರಿಯುತ್ತವೆ.

ತಾಯಿಯವರಿಗೆ 65 ಆದಾಗ ಹೊಸ ಅರ್ಜಿ ಬೇಕಿಲ್ಲ. ಅದೇ ವೃದ್ಧಾಪ್ಯ ವೇತನದಲ್ಲೇ 1,200ಕ್ಕೆ ಏರುತ್ತದೆ. ಏರದೆ 800 ಅಂತಲೇ ಬರುತ್ತಿದ್ದರೆ ಆದೇಶದ ಪ್ರತಿ, ಆಧಾರ್ ಮತ್ತು ಪಾಸ್‌ಬುಕ್ ಜೆರಾಕ್ಸ್ ಇಟ್ಟು ನಾಡಕಚೇರಿಯಲ್ಲಿ ಒಂದು ಮನವಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಮತ್ತೆ, ಇಬ್ಬರ ಅರ್ಜಿಯೂ ಅವರು ವಾಸ ಇರುವ ಹೋಬಳಿಯ ನಾಡಕಚೇರಿಗೇ ಹೋಗಬೇಕು. ಮಗ ಬೆಂಗಳೂರಿನಲ್ಲಿದ್ದಾನೆ ಅಂತ ಅಲ್ಲಿನ ವಿಳಾಸ ಕೊಟ್ಟು ಹಾಕಬೇಡಿ. ಮುಂದೆ ಯಾವತ್ತಾದರೂ ಅವರನ್ನು ನಿಮ್ಮ ಹತ್ತಿರ ಕರೆಸಿಕೊಂಡರೆ ಪಿಂಚಣಿ ವರ್ಗಾಯಿಸಲು ಮೊದಲು ತಾಲೂಕು ಕಚೇರಿಗೆ ತಿಳಿಸಿ, ಆಮೇಲೆ ಊರು ಬಿಡಿ. ಪರಿಶೀಲನೆಗೆ ಬಂದಾಗ ಮನೆಗೆ ಬೀಗ ಇದ್ದರೆ "ವಾಸವಿಲ್ಲ" ಅಂತ ಬರೆದುಕೊಂಡು ಹೋಗುತ್ತಾರೆ, ಮುಂದಿನ ತಿಂಗಳಿಂದ ದುಡ್ಡು ನಿಲ್ಲುತ್ತದೆ. ಪಕ್ಕದ ಮನೆಯವರಿಗೆ ನಿಮ್ಮ ಫೋನ್ ನಂಬರ್ ಕೊಟ್ಟಿರಿ.